ಪ್ಯಾರಿಸ್‌ನಲ್ಲಿ ಒಂದು ಅಗ್ಗದ ಹಾಸಿಗೆ

ಪುಟ್ಟ ಕೊಠಡಿ, ಬಟ್ಟೆ ತೂಗುಹಾಕಲು ಒಂದು ಕೋಲು, ಊಟ ಸಿಗದ ಹೋಟೆಲು. ಯುರೋಪಿನ ಅಗ್ಗದ ಚೈನ್ ಹೋಟೆಲುಗಳು ಮಧ್ಯಮ ವರ್ಗದ ಪ್ರವಾಸಿಗೂ ದೊಡ್ಡ ನಗರಗಳನ್ನು ಕೈಗೆಟುಕುವಂತೆ ಮಾಡಿವೆ. ಆದರೆ ಅಗ್ಗ ಎಂಬುದು ಎಲ್ಲಿ ನಿಜ, ಎಲ್ಲಿ ಬರೀ ತೋರಿಕೆ? ಅದರ ಭಾರ ಹೊರುವವರು ಯಾರು?

ನಮ್ಮ ಕಡೆ ಹೋಟೆಲ್ ಎಂದರೆ ಮೊದಲು ನೆನಪಾಗುವುದು ಇಡ್ಲಿ-ವಡೆ, ಕಾಫಿ. ರಾತ್ರಿ ತಂಗಲು ಜಾಗ ಬೇಕಾದವರು ವಿಚಾರಿಸುವುದು ಲಾಡ್ಜನ್ನು. ಎರಡೂ ಒಂದೇ ಸೂರಿನಡಿ ಇದ್ದರೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಫಲಕ ಇರುತ್ತದೆ. ಯುರೋಪಿಗೆ ಮೊದಲ ಸಲ ಹೊರಟವರು ವಿಮಾನ ಹತ್ತುವ ಮುನ್ನ ಈ ಲೆಕ್ಕವನ್ನು ತಿರುವಿ ಹಾಕಿಕೊಳ್ಳಬೇಕು. ಅಲ್ಲಿ ಹೋಟೆಲ್ ಎಂದರೆ ಹಾಸಿಗೆ. ಅಗ್ಗದ ಹೋಟೆಲಾದರೆ ಬಹುಮಟ್ಟಿಗೆ ಹಾಸಿಗೆ ಮಾತ್ರ.

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ ಮತ್ತು ಕಾಲೇಜು ಓದುವ ಮಗಳ ಜೊತೆ ಐದು ದಿನ ಪ್ಯಾರಿಸ್ ನೋಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದಿಷ್ಟು ಈ ಆಸೆಗೆಂದೇ ತೆಗೆದಿಟ್ಟಿದ್ದಾರೆ. ವಿಮಾನದ ಟಿಕೇಟಿನ ಬೆಲೆ ಅವರ ಕೈಯಲ್ಲಿಲ್ಲ. ಐಫೆಲ್ ಗೋಪುರದ ಪ್ರವೇಶ ಶುಲ್ಕದಲ್ಲಿ ಚೌಕಾಸಿ ಸಾಧ್ಯವಿಲ್ಲ. ಇಡೀ ಪ್ರವಾಸದಲ್ಲಿ ಹಿಡಿತಕ್ಕೆ ಸಿಗುವ ದೊಡ್ಡ ಖರ್ಚು ಎಂದರೆ ರಾತ್ರಿಯ ವಸತಿ ಒಂದೇ. ಅಲ್ಲಿ ಸರಿಯಾಗಿ ಆರಿಸಿದರೆ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ದಿನ ಕಳೆಯಬಹುದು. ತಪ್ಪಿದರೆ ಐದು ದಿನದಲ್ಲಿ ಒಂದೂವರೆ ದಿನ ರೈಲಿನಲ್ಲೇ ಹೋದೀತು.

ಇಂಥವರಿಗಾಗಿಯೇ ಹುಟ್ಟಿದ್ದು ಚೈನ್ ಹೋಟೆಲು. ಅದರ ಕಥೆ ಶುರುವಾಗುವುದು ಮಾತ್ರ ಪ್ಯಾರಿಸ್‌ನಲ್ಲಿ ಅಲ್ಲ.

ಮಕ್ಕಳಿಗೂ ದುಡ್ಡೇ?

1951ರಲ್ಲಿ ಅಮೆರಿಕದ ಮೆಂಫಿಸ್ ನಗರದ ಕೆಮನ್ಸ್ ವಿಲ್ಸನ್ ಎಂಬ ಉದ್ಯಮಿ ಹೆಂಡತಿ ಮತ್ತು ಐದು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ ನೋಡಲು ಹೊರಟ. ದಾರಿಯ ಮೋಟೆಲುಗಳಲ್ಲಿ ಕೊಠಡಿಯ ಬಾಡಿಗೆಯ ಮೇಲೆ ಪ್ರತಿ ಮಗುವಿಗೂ ಎರಡೆರಡು ಡಾಲರ್ ಕೇಳಿದರು. ಒಂದು ಕಡೆ ಶುಚಿಯಿದ್ದರೆ ಇನ್ನೊಂದು ಕಡೆ ಕೊಳಕು. ಒಳಹೊಕ್ಕು ನೋಡುವ ತನಕ ಯಾವುದು ಹೇಗೆಂದು ತಿಳಿಯುವಂತಿರಲಿಲ್ಲ. ಸಿಟ್ಟಿಗೆದ್ದ ವಿಲ್ಸನ್ ಮರುವರ್ಷವೇ ಮೆಂಫಿಸ್‌ನಲ್ಲಿ ‘ಹಾಲಿಡೇ ಇನ್’ ತೆರೆದ. ಮಕ್ಕಳಿಗೆ ಬಾಡಿಗೆ ಇಲ್ಲ, ಎಲ್ಲ ಊರಿನಲ್ಲೂ ಒಂದೇ ಬಗೆಯ ಕೊಠಡಿ ಎನ್ನುವುದು ಅವನ ಸೂತ್ರವಾಗಿತ್ತು.

ಈ ಸೂತ್ರವನ್ನು ಅಮೆರಿಕದಲ್ಲಿ ಕಣ್ಣಾರೆ ಕಂಡು ಫ್ರಾನ್ಸಿಗೆ ತಂದವರು ಪಾಲ್ ದ್ಯುಬ್ರುಲ್ ಮತ್ತು ಜೆರಾರ್ ಪೆಲಿಸೋನ್. ಹೋಟೆಲ್ ಮನೆತನದವರಲ್ಲದ ಈ ಇಬ್ಬರು 1967ರಲ್ಲಿ ಉತ್ತರ ಫ್ರಾನ್ಸಿನ ಲಿಲ್ ನಗರದ ಹತ್ತಿರ ಮೊದಲ ‘ನೊವೊಟೆಲ್’ ಕಟ್ಟಿದರು. 1974ರಲ್ಲಿ ಬೋರ್ಡೊ ನಗರದಲ್ಲಿ ಅದಕ್ಕಿಂತ ಅಗ್ಗದ ‘ಐಬಿಸ್’ ಬಂತು. 1983ರಲ್ಲಿ ಅವರ ಸಂಸ್ಥೆ ‘ಅಕಾರ್’ ಎಂಬ ಹೆಸರು ತಳೆಯಿತು. ಇಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕಾಣುವ ಐಬಿಸ್ ಫಲಕ ಆ ಬೋರ್ಡೊ ಹೋಟೆಲಿನ ಸಂತತಿಯೇ.

ಇಂಗ್ಲೆಂಡಿನಲ್ಲೂ ಇದೇ ಗಾಳಿ ಬೀಸಿತು. 1985ರಲ್ಲಿ ‘ಟ್ರಾವೆಲಾಡ್ಜ್’ ಒಂದು ಹೆದ್ದಾರಿಯ ಬದಿಯಲ್ಲಿ ಆರಂಭವಾಯಿತು. 1987ರಲ್ಲಿ ‘ಟ್ರಾವೆಲ್ ಇನ್’ ಹುಟ್ಟಿತು. ಅದೇ ಮುಂದೆ 2007ರಲ್ಲಿ ‘ಪ್ರೀಮಿಯರ್ ಇನ್’ ಆಯಿತು. ಜರ್ಮನಿಯ ‘ಮೋಟೆಲ್ ಒನ್’ 2000ದಲ್ಲಿ ಶುರುವಾದದ್ದು. ಎಲ್ಲವೂ ಮಾರುವುದು ಒಂದೇ ಸರಕನ್ನು: ಬಾಗಿಲು ತೆರೆದಾಗ ಅಚ್ಚರಿಯಾಗದಿರುವುದು.

ಕಳೆದದ್ದೆಷ್ಟು, ಉಳಿದದ್ದೆಷ್ಟು

ಅಗ್ಗದ ಹೋಟೆಲಿನ ಗಣಿತವನ್ನು ಅದರ ತುದಿಗೆ ಒಯ್ದದ್ದು 1985ರಲ್ಲಿ ಅಕಾರ್ ಸಂಸ್ಥೆ ತೆರೆದ ‘ಫಾರ್ಮುಲ್ 1’. ಸಾಮಾನ್ಯ ಹೋಟೆಲಿನಲ್ಲಿ ಏನೇನಿರುತ್ತದೆ ಎಂದು ಪಟ್ಟಿ ಮಾಡಿ, ಒಂದು ರಾತ್ರಿ ಮಲಗಿ ಎದ್ದು ಹೋಗುವವನಿಗೆ ಇದರಲ್ಲಿ ಯಾವುದು ಬೇಡ ಎಂದು ಕೇಳಿಕೊಂಡು ಒಂದೊಂದನ್ನೇ ಹೊಡೆದುಹಾಕಿದರು. ರೆಸ್ಟೋರೆಂಟ್ ಹೋಯಿತು. ಸೋಫಾ ಹಾಕಿದ ಹಜಾರ ಹೋಯಿತು. ಬರೆಯುವ ಮೇಜು, ಬಟ್ಟೆಯ ಕಪಾಟು ಹೋದವು. ಅದರ ಬದಲು ಮೂಲೆಯಲ್ಲಿ ಒಂದು ಹಲಗೆ, ಬಟ್ಟೆ ತೂಗುಹಾಕಲು ಒಂದು ಕೋಲು ಬಂತು. ಸ್ವಾಗತಕಾರರು ಜನ ಹೆಚ್ಚಿರುವ ಹೊತ್ತಿನಲ್ಲಿ ಮಾತ್ರ ಇರುತ್ತಿದ್ದರು. ಉಳಿದ ಹೊತ್ತಿನಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ಕ್ರೆಡಿಟ್ ಕಾರ್ಡ್ ತೋರಿಸಿದರೆ ಕೊಠಡಿಯ ಸಂಖ್ಯೆ ಮತ್ತು ಬಾಗಿಲು ತೆರೆಯುವ ಗುಪ್ತಸಂಖ್ಯೆ ಸಿಗುತ್ತಿತ್ತು.

ಕೊಠಡಿ ಸುಮಾರು ಒಂಬತ್ತು ಚದರ ಮೀಟರ್. ಅಂದರೆ ನಮ್ಮ ಅಳತೆಯಲ್ಲಿ ನೂರು ಚದರ ಅಡಿಗಿಂತ ಕಡಿಮೆ. ಇಬ್ಬರಿಗೆ ಒಂದು ಹಾಸಿಗೆ, ಅದರ ಮೇಲೆ ನಮ್ಮ ರೈಲಿನ ಅಪ್ಪರ್ ಬರ್ತಿನಂತೆ ಇನ್ನೊಬ್ಬರಿಗೆ ಒಂದು ಹಾಸಿಗೆ. ಮುಖ ತೊಳೆಯುವ ತೊಟ್ಟಿ ಮತ್ತು ಟೀವಿ ಒಳಗೇ ಇದ್ದವು. ಸ್ನಾನ, ಶೌಚಾಲಯ ಹೊರಗಿನ ಓಣಿಯಲ್ಲಿ. ಒಬ್ಬರು ಬಳಸಿ ಹೊರಬಂದ ಮೇಲೆ ಅವು ತಾವಾಗಿಯೇ ತೊಳೆದುಕೊಳ್ಳುತ್ತಿದ್ದವು. ಕೊಠಡಿಗಳನ್ನು ಕಾರ್ಖಾನೆಯಲ್ಲೇ ಪೆಟ್ಟಿಗೆಗಳಂತೆ ತಯಾರಿಸಿ ಲಾರಿಯಲ್ಲಿ ತಂದು ಜೋಡಿಸುತ್ತಿದ್ದರು.

ಎಲ್ಲವನ್ನೂ ಕತ್ತರಿಸಿದವರು ಮೂರನ್ನು ಮಾತ್ರ ಮುಟ್ಟಲಿಲ್ಲ: ಹಾಸಿಗೆಯ ಗುಣಮಟ್ಟ, ಶುಚಿ ಮತ್ತು ನಿಶ್ಶಬ್ದ. ಪ್ಯಾರಿಸ್ ಸಮೀಪದ ಇನ್‌ಸಿಯಾಡ್ ವಾಣಿಜ್ಯ ವಿದ್ಯಾಲಯದ ಪ್ರಾಧ್ಯಾಪಕರಾದ ಚಾನ್ ಕಿಮ್ ಮತ್ತು ರೆನೆ ಮೊಬೋರ್ನ್ 1997ರಲ್ಲಿ ಬರೆದ ಹೆಸರಾಂತ ಲೇಖನವೊಂದರಲ್ಲಿ ಈ ಹೋಟೆಲನ್ನೇ ಮಾದರಿಯಾಗಿ ಎತ್ತಿಕೊಂಡರು. ಗಿರಾಕಿಗೆ ಬೇಕಾದ್ದನ್ನು ಹೆಚ್ಚು ಕೊಟ್ಟು, ಬೇಡವಾದ್ದನ್ನು ಪೂರ್ತಿ ಬಿಟ್ಟರೆ ಕೊಠಡಿ ಕಟ್ಟುವ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂದು ಅವರು ತೋರಿಸಿದರು.

ಇದೇ ವಿಚಾರದ ಎಳೆ ನಮ್ಮಲ್ಲಿಗೂ ಬಂತು. 2004ರಲ್ಲಿ ಟಾಟಾ ಸಮೂಹ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ‘ಇಂಡಿಒನ್’ ಎಂಬ ಹೋಟೆಲ್ ತೆರೆಯಿತು. ನಿರ್ವಹಣಾ ತಜ್ಞ ಸಿ.ಕೆ. ಪ್ರಹ್ಲಾದ್ ಅವರ ಸಲಹೆ ಅದರ ಹಿಂದಿತ್ತು. ಗಿರಾಕಿ ತನ್ನ ಕೆಲಸ ತಾನೇ ಮಾಡಿಕೊಳ್ಳಲಿ, ಕೊಠಡಿ ಮಾತ್ರ ಅಚ್ಚುಕಟ್ಟಾಗಿರಲಿ ಎಂಬ ಆ ಹೋಟೆಲೇ ಮುಂದೆ ‘ಜಿಂಜರ್’ ಎಂಬ ಹೆಸರಿನಲ್ಲಿ ದೇಶದ ಉದ್ದಗಲಕ್ಕೂ ಹಬ್ಬಿತು.

ಹೆಸರಿನಲ್ಲಿ ಪ್ಯಾರಿಸ್, ಊರು ಬೇರೆ

ಮೇಷ್ಟ್ರ ಮಗಳು ಕಂಪ್ಯೂಟರಿನ ಮುಂದೆ ಕುಳಿತು ಹೋಟೆಲ್ ಹುಡುಕತೊಡಗಿದರೆ ಮೊದಲು ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಅಗ್ಗದ್ದು. ಹೆಸರಿನ ಮೊದಲಿಗೇ ‘ಪ್ಯಾರಿಸ್’ ಎಂದಿರುತ್ತದೆ. ಆದರೆ ವಿಮಾನ ನಿಲ್ದಾಣದ ಪಕ್ಕದಲ್ಲಿರುವ ಹೋಟೆಲಿನ ಹೆಸರಲ್ಲೂ ಪ್ಯಾರಿಸ್ ಇರುತ್ತದೆ. ಪೂರ್ವಕ್ಕೆ ಮೂವತ್ತು ಕಿಲೋಮೀಟರಿಗೂ ದೂರದ ಡಿಸ್ನಿಲ್ಯಾಂಡ್ ಬಳಿಯ ಹೋಟೆಲಿನ ಹೆಸರಲ್ಲೂ ಇರುತ್ತದೆ.

ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ. ವಿಳಾಸದ ಕೊನೆಯ ಅಂಚೆ ಸಂಖ್ಯೆ ನೋಡಬೇಕು. ಅದು 75ರಿಂದ ಶುರುವಾದರೆ ಪ್ಯಾರಿಸ್ ನಗರದ ಒಳಗೆ. ಕೊನೆಯ ಎರಡು ಅಂಕಿ ಯಾವ ವಾರ್ಡ್ ಎಂದು ಹೇಳುತ್ತದೆ: 75018 ಎಂದರೆ ಹದಿನೆಂಟನೇ ವಾರ್ಡ್. ಇಪ್ಪತ್ತು ವಾರ್ಡುಗಳು ನಡುವಿನಿಂದ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡು ಹೊರಕ್ಕೆ ಹೋಗುತ್ತವೆ. 92, 93, 94 ಎಂದಿದ್ದರೆ ನಗರಕ್ಕೆ ತಗುಲಿಕೊಂಡ ಉಪನಗರ. 77 ಅಥವಾ 95 ಎಂದಿದ್ದರೆ ಇನ್ನೂ ಆಚೆ.

ಒಳಗು ಹೊರಗುಗಳ ನಡುವಿನ ಗೆರೆ 1973ರಲ್ಲಿ ಪೂರ್ತಿಯಾದ, 35 ಕಿಲೋಮೀಟರ್ ಉದ್ದದ ‘ಪೆರಿಫೆರಿಕ್’ ಎಂಬ ವರ್ತುಲ ರಸ್ತೆ. ಹಳೆಯ ಕೋಟೆಗೋಡೆ ಇದ್ದ ಜಾಗದಲ್ಲೇ ಅದು ಹಾದುಹೋಗುತ್ತದೆ. ಹಾಗಾಗಿ ಅಲ್ಲಿನ ಮೆಟ್ರೊ ನಿಲ್ದಾಣಗಳ ಹೆಸರುಗಳಲ್ಲಿ ‘ಪೋರ್ತ್’, ಅಂದರೆ ದಿಡ್ಡಿಬಾಗಿಲು, ಎಂಬ ಪದ ಇನ್ನೂ ಉಳಿದಿದೆ. ಅಗ್ಗದ ಚೈನ್ ಹೋಟೆಲುಗಳಲ್ಲಿ ಬಹಳಷ್ಟು ಇರುವುದು ಈ ದಿಡ್ಡಿಬಾಗಿಲುಗಳ ಆಸುಪಾಸಿನಲ್ಲೇ. ಬೆಂಗಳೂರಿಗೆ ಹೋಲಿಸಿದರೆ ಪ್ಯಾರಿಸ್ ಚಿಕ್ಕ ನಗರ. ಮೆಟ್ರೊ ನಿಲ್ದಾಣದಿಂದ ಐದು ನಿಮಿಷದ ನಡಿಗೆಯಲ್ಲಿರುವ ‘ಪೋರ್ತ್’ ಹೋಟೆಲಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಮೆಟ್ರೊ ಮುಗಿದ ಮೇಲೆ ಬಸ್ಸು ಹಿಡಿಯಬೇಕಾದ ಹೋಟೆಲಿಗೆ.

2025ರ ಜನವರಿ 1ರಂದು ಈ ಲೆಕ್ಕ ಸ್ವಲ್ಪ ಬದಲಾಯಿತು. ಅಂದಿನಿಂದ ಪ್ಯಾರಿಸ್ ಪ್ರಾಂತ್ಯದಲ್ಲಿ ಮೆಟ್ರೊ ಮತ್ತು ರೈಲಿಗೆ ದೂರ ಎಷ್ಟೇ ಇರಲಿ ಒಂದೇ ದರ ಜಾರಿಗೆ ಬಂತು. ಆ ವರ್ಷದ ದರ ಎರಡೂವರೆ ಯೂರೊ. ವಿಮಾನ ನಿಲ್ದಾಣಕ್ಕೆ ಮಾತ್ರ ಪ್ರತ್ಯೇಕವಾಗಿ 13 ಯೂರೊ. ಅಂದರೆ ದೂರದ ಹೋಟೆಲಿನಲ್ಲಿ ಇಳಿದುಕೊಂಡರೂ ರೈಲಿನ ಖರ್ಚು ಹೆಚ್ಚಾಗುವುದಿಲ್ಲ, ಹೆಚ್ಚಾಗುವುದು ಸಮಯ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದರೆ ಐದು ದಿನಕ್ಕೆ ಹತ್ತು ಗಂಟೆ. ಅಷ್ಟು ಹೊತ್ತಿನಲ್ಲಿ ಒಂದಿಡೀ ದಿನದ ಪ್ಯಾರಿಸ್ ನೋಡಬಹುದು. ಮಧ್ಯಾಹ್ನ ಕಾಲು ನೋಯುತ್ತಿದೆ, ಒಂದು ಗಂಟೆ ಮಲಗಿ ಬರೋಣ ಎಂದು ಮೇಷ್ಟ್ರ ಹೆಂಡತಿಗೆ ಅನಿಸಿದರೂ ಆಗುವುದಿಲ್ಲ.

ಇನ್ನೊಂದು ಉಪಾಯವಿದೆ. ‘ನವಿಗೊ’ ಎಂಬ ವಾರದ ಪಾಸು 2025ರಲ್ಲಿ 31 ಯೂರೊ 60 ಸೆಂಟ್ ಇತ್ತು. ವಿಮಾನ ನಿಲ್ದಾಣದ ರೈಲೂ ಅದರಲ್ಲೇ ಸೇರಿದೆ. ಹೋಗಿಬರುವ ಎರಡು ಪ್ರಯಾಣಕ್ಕೇ ಆ ವರ್ಷ 26 ಯೂರೊ ಆಗುತ್ತಿದ್ದುದರಿಂದ ಈ ಪಾಸು ಲಾಭದ್ದಾಗಿತ್ತು. ಆದರೆ ಅದರ ವಾರ ಸೋಮವಾರಕ್ಕೆ ಶುರುವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಸೋಮವಾರ ಬಂದಿಳಿಯುವವರಿಗೆ ಅದು ವರ, ಶುಕ್ರವಾರ ಬಂದಿಳಿಯುವವರಿಗೆ ದಂಡ. ಪಾಸಿಗೆ ಒಂದು ಚಿಕ್ಕ ಭಾವಚಿತ್ರವೂ ಬೇಕು. ಊರಿನಿಂದಲೇ ಒಯ್ದರೆ ಒಳ್ಳೆಯದು.

ಒಂದೇ ಕೊಠಡಿ, ಹತ್ತು ಬೆಲೆ

ನಮ್ಮ ಲಾಡ್ಜುಗಳಲ್ಲಿ ಗಲ್ಲಾದ ಹಿಂದೆ ದರಪಟ್ಟಿ ತೂಗುಹಾಕಿರುತ್ತಾರೆ. ಚೈನ್ ಹೋಟೆಲಿನಲ್ಲಿ ಅಂಥ ಸ್ಥಿರ ದರ ಇಲ್ಲ. ವಿಮಾನದ ಟಿಕೇಟಿನಂತೆ ಕೊಠಡಿಯ ಬೆಲೆಯೂ ದಿನದಿನಕ್ಕೆ ಏರಿಳಿಯುತ್ತದೆ. ಫ್ಯಾಷನ್ ವಾರ, ದೊಡ್ಡ ವ್ಯಾಪಾರ ಮೇಳ, ಮೇ ಕೊನೆಗೆ ಶುರುವಾಗುವ ಫ್ರೆಂಚ್ ಓಪನ್ ಟೆನಿಸ್ ನಡೆಯುವಾಗ ಅಗ್ಗದ ಹೋಟೆಲ್ ಅಗ್ಗವಾಗಿ ಉಳಿಯುವುದಿಲ್ಲ. ನಗರದ ಪಶ್ಚಿಮಕ್ಕಿರುವ ಲಾ ದೆಫಾನ್ಸ್ ಎಂಬ ಕಚೇರಿಗಳ ಬಡಾವಣೆಯಲ್ಲಿ ಇದಕ್ಕೆ ತದ್ವಿರುದ್ಧ. ಶನಿವಾರ, ಭಾನುವಾರ ಮತ್ತು ಫ್ರೆಂಚರು ರಜೆಗೆ ಹೋಗುವ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಹೋಟೆಲುಗಳಿಗೆ ಗಿರಾಕಿಗಳು ಕಡಿಮೆ. ಅಲ್ಲಿಂದ ಒಂದನೇ ಮೆಟ್ರೊ ಮಾರ್ಗದಲ್ಲಿ ಕುಳಿತರೆ ಗಾಡಿ ಬದಲಿಸದೆ ನೇರವಾಗಿ ಲೂವ್ರ್ ತಲುಪಬಹುದು.

ಭಾರತದಿಂದ ಹೋಗುವವರು ಎಡವುವ ಜಾಗ ಇನ್ನೊಂದಿದೆ. ಷೆಂಗೆನ್ ವೀಸಾ ಅರ್ಜಿಯ ಜೊತೆ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಪುರಾವೆ ಕೊಡಬೇಕು. ಕನಿಷ್ಠ 30,000 ಯೂರೊ ಮೊತ್ತದ ವಿಮೆಯೂ ಬೇಕು. ಅಂದರೆ ವೀಸಾ ಸಿಗುವ ಮೊದಲೇ ಹೋಟೆಲ್ ಕಾದಿರಿಸಬೇಕು. ಹೋಟೆಲುಗಳು ಎರಡು ದರ ಹೇಳುತ್ತವೆ: ರದ್ದು ಮಾಡಿದರೆ ಹಣ ವಾಪಸು ಬರುವ ದರ, ವಾಪಸು ಬಾರದ ದರ. ಎರಡನೆಯದು ಅಗ್ಗವೆಂದು ಆರಿಸಿಕೊಂಡ ಮೇಲೆ ವೀಸಾ ನಿರಾಕರಣೆಯಾದರೆ ಐದು ರಾತ್ರಿಯ ಬಾಡಿಗೆ ಹೋದಂತೆಯೇ. 2024ರ ಜೂನ್‌ನಲ್ಲಿ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊಗೆ ಏರಿತು. ಮೂವರಿಗೆ 270. ವೀಸಾ ಸಿಗದಿದ್ದರೂ ಆ ಹಣ ಮರಳುವುದಿಲ್ಲ. ಅದರ ಜೊತೆ ಹೋಟೆಲಿನದನ್ನೂ ಪಣಕ್ಕಿಡುವುದು ಜಾಣತನವಲ್ಲ. ವೀಸಾ ಕೈಗೆ ಬರುವ ತನಕ ರದ್ದು ಮಾಡಬಹುದಾದ ದರವೇ ಲೇಸು.

ಕೊಠಡಿಯ ಬೆಲೆಯ ಮೇಲೆ ನಗರದ ಪ್ರವಾಸಿ ತೆರಿಗೆ ಬೇರೆ. ಪ್ಯಾರಿಸ್‌ನಲ್ಲಿ ಇದು ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಹೋಟೆಲಿನ ನಕ್ಷತ್ರಗಳಿಗೆ ತಕ್ಕಂತೆ ಬೀಳುತ್ತದೆ. ಹದಿನೆಂಟು ವರ್ಷದೊಳಗಿನವರಿಗೆ ಇಲ್ಲ. ಒಲಿಂಪಿಕ್ಸ್ ನಡೆದ 2024ರ ಆರಂಭದಲ್ಲಿ, ಸಾರಿಗೆಗೆ ಹಣ ಹೊಂದಿಸಲೆಂದು ಈ ತೆರಿಗೆಯನ್ನು ಸುಮಾರು ಮೂರು ಪಟ್ಟು ಏರಿಸಿದರು. ಆಮ್‌ಸ್ಟರ್‌ಡಾಮ್ ಅದೇ ವರ್ಷ ಬಾಡಿಗೆಯ ನೂರಕ್ಕೆ ಹನ್ನೆರಡೂವರೆ ಭಾಗವನ್ನು ತೆರಿಗೆಯಾಗಿ ನಿಗದಿ ಮಾಡಿತು. ಹೋಟೆಲುಗಳನ್ನು ಹೋಲಿಸುವಾಗ ಈ ತೆರಿಗೆಯನ್ನು ಸೇರಿಸಿಕೊಂಡೇ ಹೋಲಿಸಬೇಕು.

ಬಾಗಿಲು ತೆರೆದ ಮೇಲೆ

ಬೆಳಗಿನ ವಿಮಾನದಲ್ಲಿ ಬಂದಿಳಿದ ಮೇಷ್ಟ್ರ ಸಂಸಾರ ಹತ್ತು ಗಂಟೆಗೆ ಹೋಟೆಲ್ ತಲುಪಿದರೆ ಕೊಠಡಿ ಸಿಗುವುದು ಅನುಮಾನ. ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರರ ಮೇಲೆಯೇ ಕೀಲಿ. ಕೇಳಿದರೆ ಪೆಟ್ಟಿಗೆಗಳನ್ನು ಇರಿಸಿಕೊಳ್ಳುತ್ತಾರೆ. ಸ್ವೆಟರು, ಔಷಧಿ, ಪಾಸ್‌ಪೋರ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಊರು ಸುತ್ತಲು ಹೊರಡುವುದೇ ದಾರಿ.

ಹಾಸಿಗೆಯ ವಿಷಯದಲ್ಲಿ ‘ಡಬಲ್’ ಎಂದರೆ ಒಂದೇ ಅಗಲ ಹಾಸಿಗೆ, ‘ಟ್ವಿನ್’ ಎಂದರೆ ಎರಡು ಬೇರೆ ಹಾಸಿಗೆ. ಮೂವರು ಇರುವ ಸಂಸಾರಕ್ಕೆ ಎಲ್ಲ ಹೋಟೆಲುಗಳೂ ಒಂದೇ ಕೊಠಡಿ ಕೊಡುವುದಿಲ್ಲ. ನೆಲದ ಮೇಲೆ ಇನ್ನೊಂದು ಹಾಸಿಗೆ ಹಾಸಿಕೊಡಿ ಎಂಬ ನಮ್ಮ ರೂಢಿ ಅಲ್ಲಿ ನಡೆಯದು. ಆದರೆ ‘ಐಬಿಸ್ ಬಜೆಟ್’ನಂಥ ಚೈನುಗಳಲ್ಲಿ ಮೇಲೊಂದು ಬರ್ತ್ ಇರುವ ಮೂವರ ಕೊಠಡಿಗಳಿವೆ. ಕಾದಿರಿಸುವಾಗಲೇ ತಲೆ ಎಣಿಸಿ ಹೇಳಬೇಕು.

ಬಚ್ಚಲಿನಲ್ಲಿ ಬಕೆಟ್ಟು, ಚೊಂಬು ಇರುವುದಿಲ್ಲ. ಶೌಚಕ್ಕೆ ಕಾಗದ ಮಾತ್ರ. ಅಭ್ಯಾಸವಿಲ್ಲದವರು ಒಂದು ಪುಟ್ಟ ಪ್ಲಾಸ್ಟಿಕ್ ಮಗ್ ಒಯ್ದರೆ ಸಂಕೋಚ ತಪ್ಪುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಇನ್‌ನಲ್ಲಿ ನೀರು ಕಾಯಿಸುವ ಕೆಟಲ್, ಟೀ ಪೊಟ್ಟಣ ಇರುತ್ತವೆ. ಫ್ರಾನ್ಸಿನ ಅಗ್ಗದ ಹೋಟೆಲಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬೇಸಿಗೆಯಲ್ಲಿ ಹೋಗುವವರು ಹವಾನಿಯಂತ್ರಣ ಇದೆಯೇ ಎಂದು ನೋಡಬೇಕು. ಯುರೋಪಿನಲ್ಲಿ ಸೆಕೆಯೇ ಎಂದು ನಗುವ ಕಾಲ ಹೋಯಿತು. 2019ರ ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು.

ಬೆಳಗಿನ ಉಪಾಹಾರಕ್ಕೆ ಹೋಟೆಲಿನಲ್ಲಿ ತಲೆಗೆ ಇಷ್ಟೆಂದು ಪ್ರತ್ಯೇಕ ಹಣ. ಬ್ರೆಡ್ಡು, ಚೀಸು, ಹಣ್ಣಿನ ರಸ, ಕಾಫಿ ಬೇಕಾದಷ್ಟು ತಿನ್ನಬಹುದು. ಹೊಟ್ಟೆ ಬಿರಿಯ ತಿಂದು ಮಧ್ಯಾಹ್ನದ ಊಟ ತಪ್ಪಿಸುವವರಿಗೆ ಅದು ಲಾಭ, ಒಂದು ಕಾಫಿಯಲ್ಲಿ ಏಳುವವರಿಗೆ ನಷ್ಟ. ಬೀದಿಯ ಮೂಲೆಯ ಬೇಕರಿಯಲ್ಲಿ ಬಿಸಿ ಕ್ರೊಸಾಂ ಕೊಂಡು, ಕೆಫೆಯ ಕಟ್ಟೆಯ ಬಳಿ ನಿಂತು ಕಾಫಿ ಕುಡಿದರೆ ಖರ್ಚು ಕಡಿಮೆ. ಅದೇ ಕಾಫಿಯನ್ನು ಕುಳಿತು ಕುಡಿದರೆ ಬೆಲೆ ಹೆಚ್ಚು. ಊಟದ ಜೊತೆ ನಲ್ಲಿ ನೀರಿನ ಹೂಜಿ ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಸುಮ್ಮನೆ ‘ನೀರು’ ಎಂದರೆ ಸೀಸೆ ತಂದಿಟ್ಟು ಬಿಲ್ಲಿಗೆ ಸೇರಿಸುವುದುಂಟು.

ಮೂರನೇ ದಿನಕ್ಕೆ ಅನ್ನದ ನೆನಪಾಗುವುದು ಸಹಜ. ಆಗ ಗಾರ್ ದ್ಯು ನೋರ್ ರೈಲು ನಿಲ್ದಾಣದ ಹಿಂಬದಿಗೆ, ಲಾ ಶಪೆಲ್ ಕಡೆಗೆ ನಡೆಯಬೇಕು. ಶ್ರೀಲಂಕಾದ ಯುದ್ಧಕಾಲದಲ್ಲಿ ವಲಸೆ ಬಂದ ತಮಿಳರು ಅಲ್ಲಿ ನೆಲೆಸಿ ಅಂಗಡಿ ಇಟ್ಟರು. ಜನ ಅದನ್ನು ‘ಪುಟ್ಟ ಜಾಫ್ನಾ’ ಎನ್ನುತ್ತಾರೆ. ದೋಸೆ, ಸಾಂಬಾರು, ಅನ್ನ ಸಿಗುತ್ತವೆ. ಕರಿಬೇವಿನ ವಾಸನೆಯೂ ಬರುತ್ತದೆ. ಸಸ್ಯಾಹಾರಿಗಳು ಈ ಭಾಗದಲ್ಲೇ ಕೊಠಡಿ ಹಿಡಿದರೆ ಊಟದ ಚಿಂತೆಯೂ ತೀರುತ್ತದೆ.

ಹದಿನೇಳು ನಿಮಿಷದ ಕೊಠಡಿ

ರೆಸ್ಟೋರೆಂಟ್ ತೆಗೆಯಬಹುದು, ಮೇಜು ತೆಗೆಯಬಹುದು, ಸ್ವಾಗತಕಾರರ ಬದಲು ಯಂತ್ರ ಇಡಬಹುದು. ಆದರೆ ಹಾಸಿಗೆಯ ಹೊದಿಕೆ ಬದಲಿಸುವ ಕೈಗಳನ್ನು ತೆಗೆಯಲಾಗುವುದಿಲ್ಲ. ಅಗ್ಗದ ಲೆಕ್ಕದ ಒತ್ತಡ ಕೊನೆಗೆ ಬಂದು ಬೀಳುವುದು ಆ ಕೈಗಳ ಮೇಲೆ.

2019ರ ಜುಲೈ 17ರಂದು ಪ್ಯಾರಿಸ್‌ನ ಹದಿನೇಳನೇ ವಾರ್ಡಿನ ಬತಿನ್ಯೋಲ್ ಐಬಿಸ್ ಹೋಟೆಲಿನ ಕೊಠಡಿ ಶುಚಿ ಮಾಡುವ ಮಹಿಳೆಯರು ಮುಷ್ಕರ ಹೂಡಿದರು. ಏಳುನೂರರಷ್ಟು ಕೊಠಡಿಗಳ ದೊಡ್ಡ ಹೋಟೆಲ್ ಅದು. ಮಹಿಳೆಯರಲ್ಲಿ ಹೆಚ್ಚಿನವರು ಆಫ್ರಿಕಾದಿಂದ ಬಂದವರು. ಅವರು ಹೋಟೆಲಿನ ನೌಕರರಾಗಿರಲಿಲ್ಲ. ಗುತ್ತಿಗೆ ಕಂಪನಿಯೊಂದು ಅವರನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು. ಗಂಟೆಗೆ ಮೂರೂವರೆ ಕೊಠಡಿ ಮುಗಿಸಬೇಕಿತ್ತು. ಅಂದರೆ ಒಂದು ಕೊಠಡಿಗೆ ಸುಮಾರು ಹದಿನೇಳು ನಿಮಿಷ. ಅಷ್ಟರಲ್ಲಿ ಹೊದಿಕೆ, ಬಚ್ಚಲು, ನೆಲ, ಕನ್ನಡಿ ಎಲ್ಲವೂ ಆಗಬೇಕು. ಕೊಠಡಿ ಬಿಟ್ಟವರು ಅದನ್ನು ಯಾವ ಸ್ಥಿತಿಯಲ್ಲಿ ಬಿಟ್ಟಿದ್ದರೂ ಸಮಯ ಅಷ್ಟೇ.

ಕೊನೆಯ ತನಕ ನಿಂತವರು ಸುಮಾರು ಇಪ್ಪತ್ತು ಮಂದಿ. ಕೋವಿಡ್ ಬಂದು ಹೋಟೆಲೇ ಮುಚ್ಚಿದಾಗಲೂ ಅವರು ಬಿಟ್ಟುಕೊಡಲಿಲ್ಲ. ಇಪ್ಪತ್ತೆರಡು ತಿಂಗಳ ನಂತರ, 2021ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಸಂಬಳ ಏರಿತು, ಊಟದ ಭತ್ಯೆ ಸಿಕ್ಕಿತು, ಗಂಟೆಗೆ ಮೂರು ಕೊಠಡಿ ಎಂದು ಗೊತ್ತಾಯಿತು. ತಮ್ಮನ್ನು ಹೋಟೆಲಿನ ನೌಕರರನ್ನಾಗಿಯೇ ಮಾಡಿಕೊಳ್ಳಬೇಕೆಂಬ ಬೇಡಿಕೆ ಮಾತ್ರ ಈಡೇರಲಿಲ್ಲ. ಮುಷ್ಕರದ ಮುಂದಾಳುಗಳಲ್ಲಿ ಒಬ್ಬರಾದ, ಐವರಿ ಕೋಸ್ಟ್‌ನಲ್ಲಿ ಹುಟ್ಟಿದ ರಾಶೆಲ್ ಕೆಕೆ 2022ರ ಜೂನ್‌ನಲ್ಲಿ ಮಾಜಿ ಕ್ರೀಡಾ ಸಚಿವೆಯೊಬ್ಬರನ್ನು ಸೋಲಿಸಿ ಫ್ರಾನ್ಸಿನ ಸಂಸತ್ತಿಗೆ ಆರಿಸಿಬಂದರು. 2024ರ ಚುನಾವಣೆಯಲ್ಲಿ ಅವರು ಸೋತರು. ಆದರೆ ಹೋಟೆಲ್ ಕೊಠಡಿ ಶುಚಿ ಮಾಡುತ್ತಿದ್ದ ಹೆಂಗಸು ಎರಡು ವರ್ಷ ಆ ಸಭೆಯಲ್ಲಿ ಕುಳಿತದ್ದು ಸಣ್ಣ ಸಂಗತಿಯಲ್ಲ.

ಅಗ್ಗದ ಕೊಠಡಿಯ ಇನ್ನೊಂದು ಮುಖ 2017ರಲ್ಲಿ ಕಂಡಿತು. ಆ ವರ್ಷ ಫಾರ್ಮುಲ್ 1 ಚೈನಿನ 62 ಹೋಟೆಲುಗಳನ್ನು ಒಂದು ಸಾರ್ವಜನಿಕ ವಸತಿ ಸಂಸ್ಥೆ ಕೊಂಡುಕೊಂಡಿತು. ಆಶ್ರಯ ಕೋರಿ ಬಂದ ನಿರಾಶ್ರಿತರಿಗೆ, ಮನೆಯಿಲ್ಲದವರಿಗೆ ಅವು ನೆಲೆಯಾದವು. ಪ್ರವಾಸಿ ಒಂದು ರಾತ್ರಿಗೆ ಸಾಕೆಂದ ಅದೇ ಪುಟ್ಟ ಕೊಠಡಿಯಲ್ಲಿ ಇನ್ನೊಬ್ಬರು ತಿಂಗಳುಗಟ್ಟಲೆ ದಿನ ದೂಡುವಂತಾಯಿತು.

ಹೊರಡುವ ಮುನ್ನ

ಹಾಗಾದರೆ ಅಗ್ಗದ ಹೋಟೆಲ್ ಬೇಡವೇ? ಬೇಡ ಎನ್ನುವಂತಿಲ್ಲ. ಅದಿಲ್ಲದಿದ್ದರೆ ಶಿವಮೊಗ್ಗದ ಮೇಷ್ಟ್ರು ಮೋನಾಲಿಸಾಳನ್ನು ಕ್ಯಾಲೆಂಡರಿನಲ್ಲೇ ನೋಡಬೇಕಾಗುತ್ತಿತ್ತು. ಹಳೆಯ ಪ್ಯಾರಿಸ್‌ನ ಕಿರಿದಾದ ಮೆಟ್ಟಿಲಿನ, ಮನೆಮಂದಿಯೇ ನಡೆಸುವ ಪುಟ್ಟ ಹೋಟೆಲುಗಳಲ್ಲಿ ಬೇರೆಯದೇ ಸೊಗಸಿದೆ. ಆದರೆ ಅಲ್ಲಿ ಲಿಫ್ಟ್ ಇಲ್ಲದಿರಬಹುದು, ಐದನೇ ಮಹಡಿಯೇ ಸಿಗಬಹುದು. ಮಂಡಿನೋವಿನ ಹೆಂಡತಿಯನ್ನು ಕರೆದೊಯ್ಯುವವರು ಸೊಗಸಿಗಿಂತ ಖಾತರಿಯನ್ನೇ ಆರಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ.

ಕೊನೆಯ ದಿನ ಕೊಠಡಿ ಬಿಡುವಾಗ ಒಂದು ಸಣ್ಣ ಕೆಲಸ ಮಾಡಬಹುದು. ಒದ್ದೆ ಟವೆಲ್ಲುಗಳನ್ನು ಒಂದೇ ಕಡೆ ಗುಡ್ಡೆ ಹಾಕಿ, ಕಸವನ್ನು ಬುಟ್ಟಿಗೆ ಸೇರಿಸಿ, ಓಣಿಯಲ್ಲಿ ಗಾಡಿ ತಳ್ಳಿಕೊಂಡು ಬರುವ ಹೆಂಗಸಿಗೆ ‘ಮೆರ್ಸಿ’ ಎಂದು ಹೇಳಿ ಹೊರಟರೆ ಸಾಕು. ಅದಕ್ಕೆ ಹಿಡಿಯುವುದು ಎರಡು ನಿಮಿಷ. ಲೆಕ್ಕ ಹಾಕಿ ಕೊಠಡಿ ಗುಡಿಸುವವರಿಗೆ ಆ ಎರಡು ನಿಮಿಷದ ಬೆಲೆ ಗೊತ್ತು.